ವಿರೂಪಣ್ಣನ ಟೋಪಿ

ಲೇಪಾಕ್ಷಿಗೆ ಹೋದವರು ಸಾಮಾನ್ಯವಾಗಿ ಮೂರು ಫೋಟೋ ತಗೊಂಡು ಬರ್ತಾರೆ. ಒಂದು, ನೆಲಕ್ಕೆ ಪೂರ್ತಿ ತಾಗದ ಕಂಬದ ಕೆಳಗೆ ಟವೆಲ್ ತೂರಿಸ್ತಿರೋದು. ಎರಡು, ಒಂದೇ ಬಂಡೆಯಲ್ಲಿ ಕಡೆದ ಆ ದೊಡ್ಡ ನಂದಿಯ ಮುಂದೆ ನಿಂತಿರೋದು. ಮೂರು, ಗೋಡೆ ಮೇಲಿನ ಎರಡು ಕೆಂಪು ಕಲೆ. ಐದು ವರ್ಷದ ಹಿಂದೆ ಆಫೀಸಿನವರ ಜೊತೆ ಹೋದಾಗ ನಾನೂ ಈ ಮೂರನ್ನೂ ತೆಗೆದಿದ್ದೆ. ಚಾವಣಿಯದ್ದು ಒಂದೂ ಇರಲಿಲ್ಲ. ಆದರೂ ಮನೆಗೆ ಬಂದು ಅಲ್ಲಿನ ಚಾವಣಿ ಚಿತ್ರಗಳ ಬಗ್ಗೆ ಉದ್ದಕ್ಕೆ ಬರೆದಿದ್ದೆ. ಆ ಬರಹವನ್ನ ತುಂಬ ಜನ ಹಂಚಿಕೊಂಡಿದ್ದರು. ಇವತ್ತು ಬರೀತಿರೋದು ಅದಕ್ಕೊಂದು ತಿದ್ದುಪಡಿ.

ಮೊದಲು ಕತೆ. ವಿಜಯನಗರದ ಅಚ್ಯುತದೇವರಾಯನ ಕಾಲ, ಅಂದರೆ 1529ರಿಂದ 1542ರ ನಡುವೆ. ಪೆನುಕೊಂಡದಲ್ಲಿ ವಿರೂಪಣ್ಣ ಮತ್ತು ವೀರಣ್ಣ ಅನ್ನೋ ಅಣ್ಣತಮ್ಮಂದಿರು ಅಧಿಕಾರದಲ್ಲಿದ್ದರು. ಆಮೆಯ ಬೆನ್ನಿನ ಹಾಗಿರೋ ಬಂಡೆಗುಡ್ಡದ ಮೇಲೆ ವೀರಭದ್ರನ ಈ ಗುಡಿಯನ್ನ ಕಟ್ಟಿಸಿದವರು ಅವರೇ. ಮುಂದಿನದು ಜನ ಹೇಳೋದು: ವಿರೂಪಣ್ಣ ಬೊಕ್ಕಸದ ದುಡ್ಡನ್ನ ರಾಜನ ಅಪ್ಪಣೆ ಇಲ್ಲದೆ ಗುಡಿಗೆ ಸುರಿದ. ರಾಜನಿಗೆ ಗೊತ್ತಾಯಿತು, ಕಣ್ಣು ಕೀಳಿಸಿ ಅಂದ. ಸೈನಿಕರು ಬರೋದಕ್ಕೆ ಮುಂಚೆ ವಿರೂಪಣ್ಣ ತಾನೇ ಕಣ್ಣು ಕಿತ್ತು ಗೋಡೆಗೆಸೆದ. ಕಲ್ಯಾಣ ಮಂಟಪ ಅರ್ಧಕ್ಕೆ ನಿಂತಿತು. ಅದರ ಹತ್ತಿರದ ಗೋಡೆಯಲ್ಲಿ ಎರಡು ಕಲೆ ಉಳಿದವು. ಲೋಪವಾದ ಅಕ್ಷಿಯೇ ಲೇಪಾಕ್ಷಿ ಆಯಿತು ಅಂತ ಗೈಡು ಮುಗಿಸ್ತಾರೆ. ಅಷ್ಟರಲ್ಲಿ ಎಲ್ಲರ ಕೈಯಲ್ಲೂ ಮೊಬೈಲ್ ಮೇಲೆದ್ದಿರುತ್ತೆ.

ನನ್ನ ಹಳೆಯ ಬರಹದ ವಾದ ಇದರ ಮೇಲೇ ನಿಂತಿತ್ತು. ಈ ಗುಡಿಯ ಚಿತ್ರಗಳೆಲ್ಲ ಕಣ್ಣಿನ ಬಗ್ಗೆಯೇ ಇವೆ ಅಂದಿದ್ದೆ. ದ್ರೌಪದಿ ಸ್ವಯಂವರದ ಅರ್ಜುನ ಕೆಳಗೆ ನೀರು ನೋಡಿ ಮೇಲಿನ ಮೀನಿಗೆ ಗುರಿಯಿಡ್ತಾನೆ, ಅಂದರೆ ನೇರ ನೋಡಲಾಗದ್ದನ್ನ ಪ್ರತಿಬಿಂಬದಲ್ಲಿ ನೋಡೋದು. ಆಲದೆಲೆ ಮೇಲಿನ ಕೃಷ್ಣ ನೀವೆಲ್ಲಿ ನಿಂತರೂ ನಿಮ್ಮನ್ನೇ ನೋಡ್ತಾನೆ. ಹಿನ್ನೆಲೆಯ ಕೆಂಪು, ಮುಂದೆ ಹರಿಯಲಿರೋ ರಕ್ತ. ಸಾಲಾಗಿ ನಿಂತ ಮುಖಗಳ ಮೌನ, ಬರಲಿರೋ ದುರಂತದ ಮುನ್ಸೂಚನೆ. ನಮ್ಮ ಕೋಲಾರಮ್ಮನನ್ನೂ ಎಳೆದು ತಂದಿದ್ದೆ. ಅಲ್ಲಿ ಅಮ್ಮನ ಉಗ್ರದೃಷ್ಟಿಯನ್ನ ನೇರ ಎದುರಿಸಬಾರದು, ಕನ್ನಡಿಯಲ್ಲಿ ನೋಡಬೇಕು ಅಂತಾರಲ್ಲ, ಅದು. ಓದೋದಕ್ಕೆ ಚೆನ್ನಾಗಿತ್ತು. ಒಂದೇ ತೊಂದರೆ, ಇದನ್ನೆಲ್ಲ ಬರೆಯೋವಾಗ ನಾನು ಚಾವಣಿಯನ್ನ ಒಟ್ಟು ನಾಲ್ಕು ನಿಮಿಷ ನೋಡಿದ್ದೆ. ಕತ್ತು ನೋವು ಬಂದಿತ್ತು.

ಕಳೆದ ಡಿಸೆಂಬರಿನಲ್ಲಿ ಮತ್ತೆ ಹೋದೆ, ಈ ಸಲ ಅಪ್ಪನ ಜೊತೆ. ಅಪ್ಪ ಶ್ರೀನಿವಾಸಪುರದಲ್ಲಿ ಟೈಲರ್. ಮೂವತ್ತೆಂಟು ವರ್ಷ ಹೊಲಿದವರು. ಮಾವಿನ ಸೀಸನ್ನಿನಲ್ಲಿ ದುಡ್ಡು ಓಡಾಡೋ ಊರು ನಮ್ಮದು. ಮಂಡಿ ವ್ಯಾಪಾರ ಮುಗಿದ ಮೇಲೆ ಬರೋ ಮದುವೆಗಳ ಬಟ್ಟೆಯಲ್ಲೇ ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿದ್ದು. ಈಗ ಅವರು ಹೊಲಿಯಲ್ಲ. ಸಕ್ಕರೆ ಕಾಯಿಲೆ ರೆಟಿನಾಕ್ಕೆ ಇಳಿದಿದೆ. ನೇರವಾಗಿ ನೋಡಿದ ಕಡೆ ಮಬ್ಬು, ಅಂಚಿನಲ್ಲಿ ಒಂದಿಷ್ಟು ಕಾಣುತ್ತೆ. ಹಾಗಾಗಿ ಮಾತಾಡೋವಾಗ ನಮ್ಮ ಕಿವಿಯ ಕಡೆ ನೋಡ್ತಾರೆ.

ಇದನ್ನ ಇಲ್ಲಿ ಹೇಳೋದಕ್ಕೆ ಕಾರಣ ಇದೆ. ಸೂಜಿಯ ಕಣ್ಣಿಗೆ ದಾರ ಹೋಗ್ತಿಲ್ಲ ಕಣೋ ಅಂತ ಅವರು ಮೊದಲು ಹೇಳಿದಾಗ ನಾನು ವೈಟ್‌ಫೀಲ್ಡಿನ ರೂಮಿನಲ್ಲಿ ಕೂತು ಆನ್‌ಲೈನಿನಲ್ಲಿ ದಾರ ಪೋಣಿಸೋ ಒಂದು ಸಾಧನ ಆರ್ಡರ್ ಮಾಡಿದ್ದೆ. ವಯಸ್ಸಾಯ್ತು, ಚಾಳೀಸು, ಅಂತ ಅರ್ಥ ಮಾಡಿಕೊಂಡಿದ್ದೆ. ಮುಂದಿನ ಸಲ ಅವರು ವಾಟ್ಸಾಪಿನಲ್ಲಿ ರಕ್ತದ ರಿಪೋರ್ಟ್ ಕಳಿಸಿದಾಗ ತೆರೆಯದೆ ಹೆಬ್ಬೆರಳು ಒತ್ತಿದ್ದೆ. ಕಣ್ಣಿನ ಡಾಕ್ಟರ ಹತ್ತಿರ ಕರ್ಕೊಂಡು ಹೋಗೋ ಹೊತ್ತಿಗೆ ಒಂದೂವರೆ ವರ್ಷ ಕಳೆದಿತ್ತು. ಸಕ್ಕರೆ ಇರೋರು ಕಣ್ಣು ಚೆನ್ನಾಗೇ ಕಾಣ್ತಿದ್ದರೂ ವರ್ಷಕ್ಕೊಂದು ಸಲ ರೆಟಿನಾ ತೋರಿಸಬೇಕು ಅನ್ನೋದು ಆಗ ಗೊತ್ತಾಯಿತು. ಲೇಸರ್, ಇಂಜೆಕ್ಷನ್ ಎಲ್ಲ ಆಯಿತು. ಹೋದದ್ದು ವಾಪಸ್ ಬರಲಿಲ್ಲ, ಇರೋದು ನಿಂತಿದೆ. ಚಾವಣಿಯಲ್ಲಿ ಇಲ್ಲದ ಸಂಕೇತವನ್ನೆಲ್ಲ ಹುಡುಕಿದವನು ಅಪ್ಪ ಹೇಳಿದ ಒಂದು ಮಾತನ್ನ ತಪ್ಪಾಗಿ ಓದಿದ್ದೆ.

ಶ್ರೀನಿವಾಸಪುರದಿಂದ ಚಿಂತಾಮಣಿ, ಚಿಕ್ಕಬಳ್ಳಾಪುರ, ಅಲ್ಲಿಂದ ಹೈವೇ ಹಿಡಿದು ಬಾಗೇಪಲ್ಲಿ ದಾಟಿದರೆ ಕೊಡಿಕೊಂಡ ಚೆಕ್‌ಪೋಸ್ಟು, ಎಡಕ್ಕೆ ತಿರುಗಿದರೆ ಲೇಪಾಕ್ಷಿ. ರಾಜ್ಯ ದಾಟಿದ್ದು ಬೋರ್ಡು ನೋಡಿದರಷ್ಟೇ ಗೊತ್ತಾಗೋದು. ಮುಳಬಾಗಿಲು, ಶ್ರೀನಿವಾಸಪುರದ ಕಡೆಯೋರಿಗೆ ಇಲ್ಲಿನ ತೆಲುಗು ಮನೆಮಾತು, ಇಲ್ಲಿನ ಶಾಸನಗಳಲ್ಲಿ ಕನ್ನಡವೂ ಇದೆ. ಅಪ್ಪ ಇಪ್ಪತ್ತು ವರ್ಷದ ಹುಡುಗನಾಗಿದ್ದಾಗ ಒಂದು ಸಲ ಬಂದಿದ್ದರಂತೆ. ಇನ್ನೊಂದು ಸಲ ನೋಡ್ಬೇಕು ಅಂದರು. ನೋಡ್ಬೇಕು ಅನ್ನೋ ಪದವನ್ನೇ ಬಳಸಿದರು, ನಾನು ತಿದ್ದಲಿಲ್ಲ.

ನಾಟ್ಯಮಂಟಪದಲ್ಲಿ ಒಂದು ಕಂಬಕ್ಕೆ ಒರಗಿ ಅವರನ್ನ ಕೂರಿಸಿದೆ. ಮೇಲೆ ಚಾವಣಿ ಉದ್ದುದ್ದ ಪಟ್ಟಿಗಳಾಗಿ ಹರಡಿಕೊಂಡಿದೆ. ಕಲ್ಲಿನ ಮೇಲೆ ಗಾರೆ, ಗಾರೆಯ ಮೇಲೆ ಸುಣ್ಣದ ಲೇಪ, ಅದರ ಮೇಲೆ ಬಣ್ಣ. ಕೆಮ್ಮಣ್ಣು, ಹಳದಿ ಮಣ್ಣು, ಕಾಡಿಗೆಯ ಕಪ್ಪು, ಹಸಿರು, ಬಿಳಿ. ಆಕಾರಗಳಿಗೆಲ್ಲ ಕಪ್ಪು ಗೆರೆಯ ಅಂಚು. ಪಾರ್ವತಿಯ ಮದುವೆ, ರಾಮನ ಪಟ್ಟಾಭಿಷೇಕ, ಕಿರಾತ ಮತ್ತು ಅರ್ಜುನ, ದ್ರೌಪದಿ ಸ್ವಯಂವರ ಎಲ್ಲ ಇಲ್ಲಿವೆ. ಇನ್ನೂ ಒಳಗೆ ಹೋದರೆ ಚಾವಣಿ ತುಂಬ ವೀರಭದ್ರ. ಗುಡಿ ಕಟ್ಟಿಸಿದ ಅಣ್ಣತಮ್ಮಂದಿರೂ ಪರಿವಾರದ ಜೊತೆ ಪ್ರಸಾದ ಸ್ವೀಕರಿಸ್ತಾ ಚಿತ್ರದಲ್ಲಿದ್ದಾರೆ. ಗೋಡೆಯಲ್ಲಿ ಕಣ್ಣು ಬಿಟ್ಟು ಹೋದ ಅಂತ ನಾವು ನಂಬೋ ಮನುಷ್ಯ ಚಾವಣಿಯಲ್ಲಿ ಕಣ್ಣು ತೆರೆದು ನಿಂತಿದ್ದಾನೆ. ಆದರೆ ಫೋಟೋ ತೆಗೆಸಿಕೊಳ್ಳೋದು ಗೋಡೆ.

ನಾನು ಅಪ್ಪನಿಗೆ ವಿವರಿಸೋಕೆ ಶುರುಮಾಡಿದೆ. ತುಂಬ ಗಂಭೀರವಾಗಿ, ಹಳೆಯ ಬರಹದ ಧಾಟಿಯಲ್ಲೇ. ಮುಖಗಳಲ್ಲಿ ಒಂಥರಾ ಮೌನ ಇದೆ ಅಪ್ಪಾ, ಏನೋ ಆಗೋದಕ್ಕೆ ಕಾಯ್ತಿರೋ ಹಾಗೆ.

"ಯಾವ ಕಡೆ ತಿರುಗವ್ರೆ?" ಅಂದರು.

ಪಕ್ಕಕ್ಕೆ ಅಂದೆ. ಹೆಚ್ಚಿನ ಮುಖಗಳು ಪಕ್ಕದಿಂದಲೇ ಕಾಣೋದು. ಚೂಪು ಮೂಗು, ಉದ್ದ ಕಣ್ಣು.

"ಎಲ್ರದ್ದೂ ಒಂದೇ ಥರ ಮೂಗಾ?"

ಮತ್ತೆ ನೋಡಿದೆ. ಹೆಚ್ಚೂಕಡಿಮೆ ಒಂದೇ ಥರ.

"ಹಂಗಾದ್ರೆ ಮುಖಕ್ಕೆ ಒಂದೇ ಪ್ಯಾಟರ್ನು ಇಟ್ಕೊಂಡವ್ನೆ. ಅದ್ರಲ್ಲಿ ಸಂತೋಷ ದುಃಖ ಏನು ಹುಡುಕ್ತೀಯ? ಬಟ್ಟೆ ಹೇಳು."

ಇಲ್ಲಿಂದ ಮುಂದೆ ಸುಮಾರು ಒಂದು ಗಂಟೆ ನಾನು ಬಟ್ಟೆ ಹೇಳಿದೆ. ಅವರ ಪ್ರಶ್ನೆಗಳು ಅಳತೆ ತಗೊಳ್ಳೋವಾಗಿನ ಪ್ರಶ್ನೆಗಳೇ. ಟೋಪಿ ಎಷ್ಟೆತ್ತರ, ಮುಖಕ್ಕೆ ಹೋಲಿಸಿ ಹೇಳು. ತುದಿ ಚೂಪೋ ಗುಂಡೋ. ಸೀರೆಯಂಚು ಎಷ್ಟು ಬೆರಳು. ಒಡಲಿನಲ್ಲಿ ಚೌಕಳಿಯೋ ಗೀಟೋ ಹೂವೋ. ಸೆರಗು ಎಲ್ಲಿ ಬೀಳ್ತದೆ. ಅಕ್ಕಪಕ್ಕ ನಿಂತ ಇಬ್ಬರು ಹೆಂಗಸರು ಒಂದೇ ಸೀರೆ ಉಟ್ಟವ್ರಾ? ಈ ಕೊನೆಯ ಪ್ರಶ್ನೆಗೆ ಉತ್ತರ ಹೇಳೋಕೆ ನಾನು ನೆಲದ ಮೇಲೆ ಅಂಗಾತ ಮಲಗಬೇಕಾಯಿತು. ನಾನು ನೋಡಿದ ಆ ಗುಂಪಿನಲ್ಲಿ ಯಾರದ್ದೂ ಇನ್ನೊಬ್ಬರ ಥರ ಇರಲಿಲ್ಲ. ಒಬ್ಬಳದ್ದು ಗೀಟು, ಒಬ್ಬಳದ್ದು ಸಣ್ಣ ಹೂವು, ಇನ್ನೊಬ್ಬಳ ಅಂಚಿನಲ್ಲಿ ಬೇರೇನೇ ವಿನ್ಯಾಸ. ತುರುಬುಗಳು ಕೂಡ ಒಂದೊಂದು ನಮೂನೆ. ಇಲ್ಲಿನ ವಿನ್ಯಾಸಗಳನ್ನ ಈಗಲೂ ಸೀರೆ, ಬಟ್ಟೆಗಳ ಮೇಲೆ ಬಳಸ್ತಾರೆ ಅಂತ ಓದಿದ್ದೆ. ಯಾಕೆ ಬಳಸ್ತಾರೆ ಅಂತ ಮಲಗಿ ನೋಡಿದಾಗ ಗೊತ್ತಾಯಿತು.

"ನೋಡು, ಮುಖಕ್ಕೆ ಒಂದೇ ಪ್ಯಾಟರ್ನು, ಬಟ್ಟೆಗೆ ನೂರು. ಬರೆದೋನಿಗೆ ಎಲ್ಲಿ ಟೈಮ್ ಹಿಡಿದೈತೋ ಅಲ್ಲಿ ಅವನ ಮನಸ್ಸು ಐತೆ" ಅಂದರು.

ಚಿತ್ರದ ಭಾವವನ್ನ ನಾವು ಮುಖದಲ್ಲಿ ಹುಡುಕೋದು ಒಂದು ಅಭ್ಯಾಸ. ಮೋನಾಲಿಸಾಳ ನಗುವಿನ ಬಗ್ಗೆ ಇಷ್ಟೊಂದು ಬರೆದಿರೋದು ಅದಕ್ಕೇ. ಸಿನಿಮಾದ ಕ್ಲೋಸಪ್ಪು, ಸೆಲ್ಫಿ, ಇಮೋಜಿ ಎಲ್ಲ ಸೇರಿ ಈ ಅಭ್ಯಾಸವನ್ನ ಗಟ್ಟಿ ಮಾಡಿವೆ. ವಿಜಯನಗರದ ಈ ಚಿತ್ರಕಾರರು ಬೇರೆ ಕರಾರಿನಲ್ಲಿ ಕೆಲಸ ಮಾಡ್ತಿದ್ದರು. ಮುಖ ಒಂದು ಒಪ್ಪಿತ ಆಕಾರ. ಮನುಷ್ಯ ಯಾರು, ಯಾವ ಸಂದರ್ಭ, ಎಷ್ಟು ಗತ್ತು ಅನ್ನೋದನ್ನೆಲ್ಲ ಬಟ್ಟೆ, ನಿಲುವು, ಕೈ, ಸಾಲು ಹೇಳುತ್ತೆ. ಮುಖದ ಮೌನವನ್ನ ದುರಂತ ಅಂತ ನಾನು ಓದಿದ್ದು, ಆಧಾರ್ ಕಾರ್ಡಿನ ಫೋಟೋ ನೋಡಿ ಈ ಮನುಷ್ಯ ದುಃಖಿ ಅಂದ ಹಾಗೆ.

ಕಣ್ಣುಗಳು ಹಿಂಬಾಲಿಸ್ತವೆ ಅನ್ನೋದೂ ಅಷ್ಟೇ. ಸಪಾಟು ಮೇಲ್ಮೈಯಲ್ಲಿ ಎದುರು ನೋಡೋ ಹಾಗೆ ಕಣ್ಣು ಬರೆದರೆ, ನೀವು ಎಡಕ್ಕೆ ಹೋದರೂ ಬಲಕ್ಕೆ ಹೋದರೂ ಆ ಚಿತ್ರದ ಇನ್ನೊಂದು ಮಗ್ಗುಲು ನಿಮಗೆ ಕಾಣೋದಿಲ್ಲ. ಪ್ರತಿಮೆಯಾಗಿದ್ದರೆ ಕಿವಿ ಕಾಣಿಸ್ತಿತ್ತು, ಕೆನ್ನೆ ಕಾಣಿಸ್ತಿತ್ತು. ಚಿತ್ರದಲ್ಲಿ ಅದೇ ಎದುರುಮುಖ ಹಾಗೇ ಉಳಿಯುತ್ತೆ, ಹಾಗಾಗಿ ನಿಮ್ಮನ್ನೇ ನೋಡ್ತಿದೆ ಅನ್ಸುತ್ತೆ. ಇದು ಕ್ಯಾಲೆಂಡರ್ ದೇವರಿಗೂ ಚುನಾವಣಾ ಪೋಸ್ಟರಿಗೂ ಅನ್ವಯ. ನಿಗೂಢ ಏನಿಲ್ಲ. ಆದರೆ ಇದರಿಂದ ಒಂದು ವ್ಯತ್ಯಾಸ ಗಮನಿಸೋಕೆ ಆಗುತ್ತೆ. ಪಕ್ಕಕ್ಕೆ ತಿರುಗಿದ ಮುಖ ಎಂದೂ ನಿಮ್ಮನ್ನ ನೋಡಲ್ಲ. ಚಾವಣಿಯ ಆ ಪರಿವಾರಕ್ಕೆ ನಮ್ಮ ಹಂಗಿಲ್ಲ. ಅವರು ತಮ್ಮ ಎದುರಿಗೆ ನಡೀತಿರೋ ಯಾವುದೋ ಶುಭಕಾರ್ಯವನ್ನ ನೋಡ್ತಿದ್ದಾರೆ. ಮದುವೆಮನೆಯಲ್ಲಿ ತಾಳಿ ಕಟ್ಟೋವಾಗ ಹಿಂದಿನ ಸಾಲಿನಿಂದ ನೋಡಿದರೆ ಜನ ಹೇಗೆ ಕಾಣ್ತಾರೋ ಹಾಗೆ.

ಕೆಂಪಿನ ಬಗ್ಗೆ ನನ್ನ ವಾದವನ್ನೂ ಅಪ್ಪನಿಗೆ ಹೇಳಿದೆ. ಹಿನ್ನೆಲೆಯೆಲ್ಲ ಕೆಂಪು ಅಪ್ಪಾ, ರಕ್ತದ ಥರ. ಅವರು ನಕ್ಕರು. "ಕೆಂಪಾದ್ರೆಲ್ಲ ರಕ್ತಾನಾ? ಹಬ್ಬಕ್ಕೆ ನಿಮ್ಮಜ್ಜಿ ಗೋಡೆಗೆ ಸುಣ್ಣ ಜಾಜು ಬಳೀತಿರಲಿಲ್ವಾ?" ಬಳೀತಿದ್ದಳು. ಗೋಡೆಗೆ ಸುಣ್ಣ, ಕೆಳಗೊಂದು ಪಟ್ಟಿ ಜಾಜು. ಅದೇ ಸುಣ್ಣ, ಅದೇ ಕೆಂಪು ಮಣ್ಣು ಈ ಚಾವಣಿಯಲ್ಲೂ ಇರೋದು. ನಮ್ಮ ಸೀಮೆಯ ಮಣ್ಣೇ ಆ ಬಣ್ಣದ್ದು, ಮಾಲೂರಿನ ಹೆಂಚು ನೋಡಿದರೆ ಸಾಕು. ಈ ಬಣ್ಣ ನಮಗೆ ಹಬ್ಬದ್ದು, ಅಂಗಳದ್ದು, ಮದುವೆಚಪ್ಪರದ್ದು. ಕೆಂಪೆಂದರೆ ಅಪಾಯ ಅನ್ನೋದನ್ನ ನಾನು ಕಲಿತದ್ದು ಟ್ರಾಫಿಕ್ ಲೈಟಿನಿಂದ, ಆಫೀಸಿನ ಡ್ಯಾಶ್‌ಬೋರ್ಡಿನಿಂದ, ಹಾರರ್ ಸಿನಿಮಾದಿಂದ.

ಟೋಪಿಗೆ ಬರೋಣ. ವಿರೂಪಣ್ಣನ ತಲೆ ಮೇಲಿರೋ ಆ ಎತ್ತರದ ಮೊನಚು ಟೋಪಿಗೆ ಕುಳ್ಳಾಯಿ ಅಂತಾರೆ. ವಿಜಯನಗರದ ಆಸ್ಥಾನದಲ್ಲಿ ದೊಡ್ಡವರು ತೊಡ್ತಿದ್ದದ್ದು. ಪದ ಪರ್ಷಿಯನ್ನಿನ ಕುಲಾಹ್‌ನಿಂದ ಬಂದದ್ದು. ಸುಲ್ತಾನರ ಜೊತೆ ಯುದ್ಧ ಮಾಡ್ತಾನೇ ಅವರ ದರ್ಬಾರಿನ ಉಡುಪನ್ನ ಇಲ್ಲಿನವರು ಒಪ್ಪಿಕೊಂಡಿದ್ದರು, ಅದನ್ನ ತೊಟ್ಟೇ ಶಿವನ ಎದುರು ನಿಂತರು, ಹಾಗೇ ಚಿತ್ರ ಬರೆಸಿಕೊಂಡರು. ಇಂದಿನ ಯಾವ ಗಲಾಟೆಗೂ ಈ ಚಾವಣಿ ಅನುಕೂಲವಾಗಿಲ್ಲ. ಇದನ್ನ ಅಪ್ಪನಿಗೆ ಹೇಳಿದಾಗ ಅವರು ಒಂದು ಕ್ಷಣ ಯೋಚಿಸಿ, "ಅಂದ್ರೆ ಕುಲಾವಿ?" ಅಂದರು. ಹೌದು. ಮಗುವಿನ ತಲೆಗೆ ಹಾಕೋ ಕುಲಾವಿಯೂ ಅದೇ ಮನೆತನದ ಪದ. ಮೂವತ್ತೆಂಟು ವರ್ಷದಲ್ಲಿ ಅವರು ಎಷ್ಟು ಕುಲಾವಿ ಹೊಲಿದಿದ್ದಾರೋ ಲೆಕ್ಕವಿಲ್ಲ. ಬಟ್ಟೆ ತುಂಡು ಉಳಿದರೆ ಬೀದಿಯ ಬಸುರಿ ಹೆಂಗಸರಿಗೆ ಹೊಲಿದು ಕೊಡೋರು.

"ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸಿದ್ರಂತೆ ಅಂತಾರಲ್ಲ, ನೀನು ಮಾಡಿರೋದೂ ಅದೇ. ಆ ಮನುಷ್ಯ ಇನ್ನೂ ನೆಟ್ಟಗೆ ನಿಂತವ್ನೆ, ನೀನು ಆಗ್ಲೇ ಅವನ ಕಣ್ಣಿಗೆ ಪಟ್ಟಿ ಕಟ್ಟಿದೀಯ" ಅಂದರು.

ನನ್ನ ಹಳೆಯ ಬರಹಕ್ಕೆ ಇದಕ್ಕಿಂತ ಸರಿಯಾದ ವಿಮರ್ಶೆ ಬಂದಿಲ್ಲ. ಈ ಚಿತ್ರ ಬರೆಯೋವಾಗ ಬಣ್ಣ ಅರೆಯೋರಿಗಾಗಲಿ, ಬರೆಸಿದ ವಿರೂಪಣ್ಣನಿಗಾಗಲಿ ಮುಂದೇನು ಅಂತ ಗೊತ್ತಿರಲಿಲ್ಲ. 1565ರಲ್ಲಿ ರಾಜಧಾನಿ ಬೀಳುತ್ತೆ, ದೊರೆಗಳು ಇದೇ ಪೆನುಕೊಂಡಕ್ಕೆ ಓಡಿ ಬರ್ತಾರೆ ಅಂತ ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ಅವರಿಗಿದ್ದದ್ದು ಒಂದು ಗುಡಿ ಮೇಲೇಳ್ತಿರೋ ಸಂಭ್ರಮ. ಚಿತ್ರದ ಭಾವ ಅದು: ಹೆಮ್ಮೆ, ಸ್ವಲ್ಪ ಆಡಂಬರ, ತುಂಬ ಹುರುಪು. ಅದಕ್ಕೆ ದುಃಖದ ಪರದೆ ಇಳಿಬಿಟ್ಟಿದ್ದು ನಾವು, ಕೊನೆ ಗೊತ್ತಿರೋರು.

ಹಾಗಂತ ಗೈಡಿನ ಕತೆಯನ್ನ ಸುಳ್ಳು ಅಂತ ತಳ್ಳಿಹಾಕೋಕೂ ನನಗೆ ಮನಸ್ಸಿಲ್ಲ. ಕಲೆ ರಕ್ತದ್ದೋ ಅಲ್ಲವೋ ಅನ್ನೋದು ಬೇರೆ ಮಾತು. ಜನ ಗೋಡೆಯ ಎರಡು ಕಲೆಯನ್ನ ಚಿತ್ರವಾಗಿ ಓದಿದ್ದಾರೆ, ಆ ಓದಿನಲ್ಲಿ ಒಂದು ತೀರ್ಪಿದೆ. ಚಾವಣಿಯಲ್ಲಿ ಮನುನೀತಿ ಚೋಳನ ಕತೆ ಇದೆ. ರಾಜಕುಮಾರನ ರಥಕ್ಕೆ ಕರು ಸಿಕ್ಕಿ ಸಾಯುತ್ತೆ, ತಾಯಿ ಹಸು ಬಂದು ನ್ಯಾಯದ ಗಂಟೆ ಎಳೆಯುತ್ತೆ, ರಾಜ ಸ್ವಂತ ಮಗನ ಮೇಲೇ ರಥ ಹರಿಸ್ತಾನೆ, ಕೊನೆಗೆ ಶಿವ ಬದುಕಿಸ್ತಾನೆ. ಇದು ದೊರೆಗಳಿಗೆ ಇಷ್ಟವಾಗೋ ಕತೆ, ರಾಜನ ನ್ಯಾಯ ತಪ್ಪೋದಿಲ್ಲ ಅನ್ನೋದು. ಕೆಳಗಿನ ಗೋಡೆಯ ಕತೆ ಇದಕ್ಕೆ ಎದುರು ಮಾತಾಡುತ್ತೆ. ಅಲ್ಲಿ ರಾಜನ ನ್ಯಾಯ ತಪ್ಪಿತು, ಶಿವ ಬಂದು ಕಣ್ಣು ಕೊಡಲಿಲ್ಲ. ಮೇಲಿನದನ್ನ ಅಧಿಕಾರಿ ಬರೆಸಿದ್ದು, ಕೆಳಗಿನದನ್ನ ಊರಿನವರು ಹೇಳಿಕೊಂಡು ಬಂದದ್ದು. ಎರಡನ್ನೂ ಓದಬೇಕು, ಆದರೆ ಒಂದನ್ನ ಇನ್ನೊಂದರ ಮೇಲೆ ಬಳಿಯಬಾರದು. ಸಂಸ್ಕೃತದಲ್ಲಿ ಲೇಪ ಅಂದರೆ ಬಳಿದದ್ದು. ಊರಿನ ಹೆಸರನ್ನ ಬಳಿದ ಕಣ್ಣು, ಅಂದರೆ ಬಣ್ಣದಲ್ಲಿ ಬರೆದ ಕಣ್ಣು ಅಂತ ಓದೋಕೂ ಬರುತ್ತೆ.

ಹೊರಡೋ ಮುಂಚೆ ಅಪ್ಪ ಗೋಡೆಯ ಕಲೆ ಇರೋ ಜಾಗಕ್ಕೆ ಕರ್ಕೊಂಡು ಹೋಗು ಅಂದರು. ಹೋದೆವು. ಪಕ್ಕಕ್ಕೆ ಮುಖ ತಿರುಗಿಸಿ, ಅಂಚಿನಲ್ಲಿ ಉಳಿದಿರೋ ನೋಟದಿಂದ ಅದನ್ನ ನೋಡೋಕೆ ಪ್ರಯತ್ನ ಪಟ್ಟರು. ಕಾಣ್ತಾ ಅಂತ ಕೇಳಿದೆ. "ಏನೋ ಕಂದು ಕಂದಾಗಿ ಐತೆ" ಅಂದರು. ಅಷ್ಟೇ. ನಾನು ಯಾವ ಸಂಕೇತವನ್ನೂ ಹುಡುಕದೆ ಸುಮ್ಮನೆ ನಿಂತಿದ್ದೆ.

ಈಗ ಭಾನುವಾರ ಸಂಜೆ ಫೋನ್ ಮಾಡಿದಾಗ ಅವತ್ತು ತೆಗೆದ ಫೋಟೋಗಳಲ್ಲಿ ಒಂದನ್ನ ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ಅವರಿಗೆ ಹೇಳ್ತೀನಿ. ಹನ್ನೊಂದು ಮುಗಿದಿವೆ. ಕಳೆದ ವಾರ ಒಬ್ಬ ಹೆಂಗಸಿನ ಸೀರೆಯ ನೆರಿಗೆ ಪಾದದ ಹತ್ತಿರ ಹೇಗೆ ಮುಗಿಯುತ್ತೆ ಅಂತ ಕೇಳಿದರು. ನೋಡಿದೆ. ಅಲ್ಲಿ ಗಾರೆ ಉದುರಿದೆ, ಬರೀ ಕಲ್ಲು. ಪಕ್ಕದವಳ ನೆರಿಗೆ ನೋಡಿ ಇವಳದ್ದೂ ಹಾಗೇ ಇದ್ದಿರಬಹುದು ಅಂತ ಹೇಳೋಕೆ ಬಾಯಿ ತೆರೆದವನು, ಅಲ್ಲಿ ಬಿದ್ದುಹೋಗಿದೆ ಅಪ್ಪಾ, ಕಾಣಲ್ಲ ಅಂದೆ.

"ಹಂಗೇ ಹೇಳು" ಅಂದರು. "ಅಂಚು ಎಷ್ಟು ಬೆರಳು ಉಳಿದೈತೆ?"